ಶಾಲು ಮತ್ತು ಕೌದಿ

ಕಳೆದ ರಾಜ್ಯೋತ್ಸವದ ಸಮಾರಂಭ ಮುಗಿದ ಎರಡು ದಿನಗಳ ನಂತರ ಸಂಘದ ಉಗ್ರಾಣದ ಸಾಮಾನುಗಳನ್ನು ಎಣಿಸಿ ಪಟ್ಟಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿ ಹನ್ನೊಂದು ಶಾಲುಗಳು ಸಿಕ್ಕವು. ಕೆಲವು ಇನ್ನೂ ಅಂಗಡಿಯ ಚೀಲದೊಳಗೇ ಇದ್ದವು; ಉಳಿದವು, ವೇದಿಕೆಯ ಮೇಲೆ ಹೊದಿಸಿಕೊಂಡ ಗಣ್ಯರು ಇಳಿದುಹೋಗುವಾಗ ಕುರ್ಚಿಯ ಬೆನ್ನಿಗೆ ಬಿಟ್ಟುಹೋದವು. ಮಿರುಗುವ ಅಂಚು, ನವಿಲಿನ ಚಿತ್ರ, ಕೈಯಿಂದ ಜಾರುವ ನುಣುಪು. ಹತ್ತಿಯಲ್ಲ, ಉಣ್ಣೆಯಲ್ಲ, ರೇಷ್ಮೆಯಂತೂ ಅಲ್ಲವೇ ಅಲ್ಲ. ಚಳಿಗೆ ಹೊದೆಯಲು ಬಾರದು, ಬೇಸಿಗೆಯಲ್ಲಿ ಬೆವರೊರೆಸಲು ಬಾರದು. ಮಳೆಗಾಲದಲ್ಲಿ ಸಭಾಗೃಹದ ಸೂರು ಸೋರಿದಾಗ ನಮ್ಮ ಕಾವಲುಗಾರ ಇವುಗಳಲ್ಲೊಂದನ್ನು ನೆಲಕ್ಕೆ ಹಾಕಿ ನೋಡಿದ್ದನಂತೆ. ‘ನೀರು ಹೀರೂದಿಲ್ರೀ ಸಾಹೇಬ್ರ, ಬರೇ ಅತ್ತಿತ್ತ ಸರಸ್ತದ’ ಎಂದು ಆತ ವರದಿ ಒಪ್ಪಿಸಿದ. ನಮ್ಮ ಸನ್ಮಾನಗಳ ಕುರಿತು ಇಷ್ಟು ನಿಖರವಾದ ವಿಮರ್ಶೆಯನ್ನು ನಾವು ಈಚೆಗೆ ಓದಿರಲಿಲ್ಲ.

ಅದೇ ವಾರ ನಮ್ಮ ಬೀದಿಯ ತಿರುವಿನಲ್ಲಿ ಇನ್ನೊಂದು ನೋಟ ಕಣ್ಣಿಗೆ ಬಿತ್ತು. ಪುಣೆಯಲ್ಲಿ ವಾಸಿಸುವವರಿಗೆ ಇದು ಹೊಸದೇನೂ ಅಲ್ಲ. ಮರದ ನೆರಳಿನಲ್ಲಿ ಒಂದು ತಾಡಪಾಲು ಹಾಸಿ, ಅದರ ಮೇಲೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹರಡಿ, ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಹೊಲಿಯುತ್ತಿದ್ದರು. ‘ಗೋಧಡಿ ಹೊಲಿದು ಕೊಡಲಾಗುವುದು’ ಎಂದು ಮರಾಠಿಯಲ್ಲಿ ಬರೆದ ರಟ್ಟಿನ ತುಂಡೊಂದನ್ನು ಮರಕ್ಕೆ ಕಟ್ಟಿದ್ದರು. ಈ ದಾರಿಯಲ್ಲಿ ನಾವು ಎಷ್ಟೋ ವರ್ಷ ಓಡಾಡಿದ್ದೇವೆ. ಆ ಫಲಕವನ್ನೂ ಓದಿದ್ದೇವೆ. ಆ ದಿನ ಮಾತ್ರ ಬಸ್ಸು ತಡವಾಯಿತು; ನಿಂತೆವು; ನಿಂತುದರಿಂದ ಕಿವಿಗೆ ಬಿದ್ದಿತು: ‘ತುದಿ ಬಿಗಿ ಹಿಡಿಯವ್ವಾ, ನಡುವ ನಿರಿಗಿ ಬೀಳ್ಳಾಕತ್ತ್ಯಾವ.’ ಅತ್ತೆ ಸೊಸೆಗೆ ಹೇಳುತ್ತಿದ್ದಳು. ಅಫಜಲಪುರದ ಕಡೆಯವರು. ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಗಂಡಸರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಇವರು ಮಳೆಗಾಲ ಕಳೆದ ಮೇಲೆ ಬೀದಿಬೀದಿಗೆ ಹೋಗಿ ಹೊಲಿಗೆ ಹಿಡಿಯುತ್ತಾರೆ.

ಮರುದಿನ ನಮ್ಮ ಮನೆಯವರು ಮೂರು ಹಳೆಯ ಸೀರೆಗಳನ್ನೂ ಒಂದು ಧೋತರವನ್ನೂ ತೆಗೆದುಕೊಂಡು ಹೋದರು. ಜೊತೆಗೆ ನಾವೂ ಹೋದೆವು. ಹೊಲಿಗೆಗೆ ಹಿರಿಯಾಕೆ ಕೇಳಿದ್ದು 800 ರೂಪಾಯಿ. ಚೌಕಾಶಿ ನಡೆದು 600ಕ್ಕೆ ಒಪ್ಪಂದವಾಯಿತು. ಗೆದ್ದ ಸಮಾಧಾನದಲ್ಲಿ, ನಾವೂ ನಿಮ್ಮ ಕಡೆಯವರೇ, ಇಲ್ಲಿ ನಮ್ಮದೊಂದು ಕನ್ನಡ ಸಂಘವಿದೆ ಎಂದೆವು. ಆಕೆ ಸೂಜಿಯಿಂದ ಕಣ್ಣೆತ್ತದೆಯೇ ಹೇಳಿದಳು: ‘ಕನ್ನಡದಾಗ ಮಾತಾಡ್ಸಿದ್ರಿ, ಚೊಲೋ ಆಯ್ತ್ರೀ ಯಣ್ಣಾ. ಆದ್ರ ರೊಕ್ಕಾ ಕಡಿಮಿ ಮಾಡೂದು ಕನ್ನಡದಾಗ ಮಾಡಿದ್ರೂ ಅಷ್ಟೇ, ಮರಾಠಿದಾಗ ಮಾಡಿದ್ರೂ ಅಷ್ಟೇ ನೋಡ್ರಿ.’

ಕೌದಿ ನಾಲ್ಕು ದಿನಗಳಲ್ಲಿ ಸಿದ್ಧವಾಯಿತು. ಇಬ್ಬರ ನಾಲ್ಕು ದಿನವೆಂದರೆ ಎಂಟು ಆಳುದಿನ. 600ನ್ನು ಎಂಟರಿಂದ ಭಾಗಿಸಿದರೆ ದಿನಕ್ಕೆ 75 ರೂಪಾಯಿ. ಸಂಘದ ಲೆಕ್ಕಪುಸ್ತಕದ ಪ್ರಕಾರ ಒಂದು ಸನ್ಮಾನಕ್ಕೆ, ಎಂದರೆ ಶಾಲು, ಪೇಟ, ಹಾರ, ಫಲಕಗಳಿಗೆ ನಾವು ಕಳೆದ ವರ್ಷ ವ್ಯಯಿಸಿದ್ದು 1,400 ರೂಪಾಯಿ. ಈ ಎರಡು ಅಂಕೆಗಳು ನಮ್ಮನ್ನು ಈ ಸಂಪಾದಕೀಯಕ್ಕೆ ಕೂಡಿಸಿದವು. ಗಡಿ, ಮಹಾಜನ ವರದಿ, ಶಾಸ್ತ್ರೀಯ ಭಾಷೆಯ ಸ್ಥಾನಮಾನಗಳನ್ನು ಕುರಿತು ಬರೆಯುತ್ತ ಬಂದ ಈ ಪುಟದಲ್ಲಿ ಹರಕು ಬಟ್ಟೆಯ ಮಾತೇಕೆ ಎಂದು ಕೇಳುವ ಹಿರಿಯ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು.

ಕೌದಿ ಎಂಬುದು ಏನೆಂದು ಧಾರವಾಡ, ವಿಜಯಪುರ, ಕಲಬುರಗಿ, ರಾಯಚೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಬಂದವರಿಗೂ, ಈ ಊರಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಹೇಳಬೇಕಾಗುತ್ತದೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲ್ಪದರಕ್ಕೆ ಕುಪ್ಪಸದ ಖಣ, ಅಂಗಿಯ ತುಂಡು, ಸೆರಗಿನ ಚೂರುಗಳನ್ನು ತೇಪೆಯಾಗಿ ಕೂಡಿಸಿ, ಎಲ್ಲವನ್ನೂ ಒಟ್ಟಿಗೆ ಹಿಡಿಯುವಂತೆ ದಪ್ಪ ನೂಲಿನಿಂದ ಓಟದ ಹೊಲಿಗೆ ಹಾಕಿದ ಹೊದಿಕೆ. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಮುಖವಾಗಿ ಹೊಲಿಯುತ್ತ ನಡುವಿಗೆ ಬರುವುದು ರೂಢಿ. ಹಾಗೆ ಮಾಡುವುದಕ್ಕೆ ಅರ್ಥವಿದೆ. ನಾಲ್ಕು ಅಂಚು ಮೊದಲು ಬಿಗಿಯಾದರೆ ಪದರಗಳು ಸರಿಯುವುದಿಲ್ಲ. ನಾಲ್ಕು ಕಡೆಗಳಲ್ಲಿ ನಾಲ್ವರು ಕುಳಿತು ಏಕಕಾಲದಲ್ಲಿ ಹೊಲಿಯಬಹುದು. ಒಬ್ಬರ ಕೈ ಒರಟು, ಇನ್ನೊಬ್ಬರದು ನಯ ಎಂಬ ವ್ಯತ್ಯಾಸ ಸುತ್ತುಗಳಲ್ಲಿ ಕರಗಿಹೋಗುತ್ತದೆ. ಸುಗ್ಗಿ ಮುಗಿದು ಮಳೆಗೆ ಮುಂಚಿನ ಬಿಸಿಲ ದಿನಗಳು ಇದಕ್ಕೆ ತಕ್ಕ ಕಾಲ. ಹೊಲದ ಕೆಲಸವಿರುವುದಿಲ್ಲ, ಒಗೆದ ಬಟ್ಟೆ ಬೇಗ ಒಣಗುತ್ತದೆ, ಮುಂದೆ ಬರುವ ಮಳೆ, ಚಳಿಗಳಿಗೆ ಹೊದಿಕೆ ಬೇಕು. ಮನೆಯವರಿಗೆ ಬಿಡುವಿಲ್ಲದಿದ್ದರೆ ಊರೂರು ತಿರುಗುವ ಗೊಂದಲಿಗರ ಮನೆಯ ಹೆಣ್ಣುಮಕ್ಕಳು ಬಂದು ಕಟ್ಟೆಯ ಮೇಲೆ ಕುಳಿತು ಹೊಲಿದುಕೊಟ್ಟು, ಕಾಳುಕಡಿ, ರೊಕ್ಕ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ರಾತ್ರಿ ದೇವಿಯ ಗೊಂದಲ ಹಾಕುವ ಗಂಡಸರ ಹೆಸರು ಜಾನಪದದ ಗ್ರಂಥಗಳಲ್ಲಿ ಉಳಿಯಿತು. ಹಗಲು ಕೌದಿ ಹೊಲಿದ ಹೆಂಗಸರ ಹೆಸರು ಉಳಿಯಲಿಲ್ಲ.

ಲೆಕ್ಕದ ಮಾತನ್ನೂ ಹೇಳಬೇಕು. ಆರು ವಾರದ ಸೀರೆಯೆಂದರೆ ಹದಿನೆಂಟು ಅಡಿ. ಪನ್ನ ಸುಮಾರು ಮೂರೂಮುಕ್ಕಾಲು ಅಡಿ. ಐದಡಿಗೊಂದರಂತೆ ಎರಡು ತುಂಡು ಕತ್ತರಿಸಿ ಪಕ್ಕಪಕ್ಕದಲ್ಲಿ ಜೋಡಿಸಿದರೆ ಏಳೂವರೆ ಅಡಿ ಉದ್ದ, ಐದಡಿ ಅಗಲದ ಒಂದು ಪದರ. ಒಂದು ಸೀರೆಗೆ ಎರಡು ಪದರ ಸಿಗುವುದಕ್ಕೆ ಎರಡೇ ಅಡಿ ಸಾಲದು. ಆದರೆ ಹಳೆಯ ಸೀರೆ ಎಲ್ಲ ಕಡೆ ಒಂದೇ ಸಮನಾಗಿ ಸವೆದಿರುವುದಿಲ್ಲ. ಒಳಗೆ ಸಿಕ್ಕಿಸುವ ತುದಿಯೂ ಸೆರಗೂ ಗಟ್ಟಿಯಾಗಿ ಉಳಿಯುತ್ತವೆ. ಕುಳಿತೆದ್ದು ಕೆಲಸ ಮಾಡುವವರ ಸೀರೆ ಹಿಂಭಾಗದಲ್ಲಿ ಮೊದಲು ಜಾಳಾಗುತ್ತದೆ. ಜಾಳಾದುದನ್ನು ನಡುವಣ ಪದರಕ್ಕೆ ಹಾಕಿ, ಗಟ್ಟಿಯಾದುದನ್ನು ಮೇಲೆ ಕೆಳಗೆ ಹಾಕಿದರೆ ಮೂರು ಸೀರೆಗಳಲ್ಲಿ ನಾಲ್ಕು ಪದರದ ಕೌದಿ ಸುಖವಾಗಿ ಆಗುತ್ತದೆ. ಕಾಗದ, ಅಳತೆಪಟ್ಟಿ ಮುಟ್ಟದ ಹೆಂಗಸರು ಈ ಲೆಕ್ಕವನ್ನು ಮೊಳದಲ್ಲಿ, ಗೇಣಿನಲ್ಲಿ ಮಾಡಿ ಮುಗಿಸುತ್ತಾರೆ. ಹೊಸ ಬಟ್ಟೆಯಲ್ಲಿ ಏಕೆ ಹೊಲಿಯಬಾರದು ಎಂದರೆ, ಹೊಸ ಬಟ್ಟೆಯಲ್ಲಿ ಗಂಜಿಯಿರುತ್ತದೆ, ಬಿರುಸಿರುತ್ತದೆ, ಮೊದಲ ಒಗೆತಕ್ಕೆ ಒಂದೊಂದು ಒಂದೊಂದು ಪ್ರಮಾಣದಲ್ಲಿ ಕುಗ್ಗಿ ಇಡೀ ಕೌದಿ ಸೊಟ್ಟಗಾಗುತ್ತದೆ. ನೂರು ಸಲ ಒಗೆಸಿಕೊಂಡ ಬಟ್ಟೆ ಕುಗ್ಗುವಷ್ಟನ್ನೂ ಕುಗ್ಗಿ ಮುಗಿಸಿರುತ್ತದೆ. ಕೂಸಿಗೆ ಹಳೆಯ ಬಟ್ಟೆಯೇ ಹಿತವೆಂದು ಬಾಣಂತಿಯ ಕೋಣೆಯಲ್ಲಿ ಹೇಳುತ್ತಿದ್ದುದೂ ಈ ಕಾರಣಕ್ಕೇ.

ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ಧಿಯರ ಕೌದಿಯನ್ನು ಇಲ್ಲಿ ನೆನೆಯಲೇಬೇಕು. ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡು ಸೇರಿದವರ ಸಂತತಿ ಇವರು. 2003ರಲ್ಲಷ್ಟೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಕೌದಿಯ ಬಣ್ಣಗಾರಿಕೆ ಬಯಲುಸೀಮೆಯದಕ್ಕಿಂತ ಬೇರೆ. ನಾಲ್ಕು ಮೂಲೆಗಳಿಗೆ ತ್ರಿಕೋನಾಕಾರವಾಗಿ ಮಡಿಚಿದ ತುಂಡುಗಳನ್ನು ‘ಫುಲ’ ಎಂದು, ಹೂವಿನಂತೆ, ಹೊಲಿಯುತ್ತಾರೆ. ಫುಲವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ಧಿಯರಿದ್ದಾರೆ. ಕೆಲವು ಕೌದಿಗಳಲ್ಲಿ ಶಿಲುಬೆ ಇರುತ್ತದೆ, ಕೆಲವುಗಳಲ್ಲಿ ಅರ್ಧಚಂದ್ರ. ಆದರೆ ಹೊಲಿಗೆ ಎಲ್ಲರದೂ ಒಂದೇ. ಈ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳ ಗೋಡೆಯ ಮೇಲೆ ತೂಗಾಡಿ ಬಂದಿವೆ. ನಮ್ಮ ಯಾವ ಕನ್ನಡ ಸಮ್ಮೇಳನದ ಗೋಡೆಯ ಮೇಲೆ ಅವುಗಳನ್ನು ಕಂಡೆವೆಂದು ನಾವು ನೆನಪಿಸಿಕೊಳ್ಳಲು ಯತ್ನಿಸಿ ಸೋತಿದ್ದೇವೆ.

ಹೊರನಾಡಿನಲ್ಲಿ ಬದುಕುವವರಿಗೆ ಈ ವಸ್ತು ಇನ್ನೊಂದು ಪಾಠವನ್ನೂ ಇಡುತ್ತದೆ. ಮರಾಠಿಯಲ್ಲಿ ಇದು ಗೋಧಡಿ, ಘಟ್ಟದ ಕಡೆ ವಾಕಳ, ತೆಲುಗಿನಲ್ಲಿ ಬೊಂತ, ಹಿಂದಿಯಲ್ಲಿ ಗುದಡಿ, ಕಥರಿ, ಬಿಹಾರದಲ್ಲಿ ಸುಜನಿ, ಬಂಗಾಳದಲ್ಲಿ ಕಾಂಥಾ. ಸಂಸ್ಕೃತದ ಕಂಥಾ ನಮ್ಮಲ್ಲಿ ಕಂಥೆಯಾಗಿ ಜೋಗಿಗಳ ಹೆಗಲೇರಿತು. ಪುಣೆ, ಹೈದರಾಬಾದು, ದೆಹಲಿ ಎಲ್ಲೇ ಇರಲಿ, ಪಕ್ಕದ ಮನೆಯವರ ಬಳಿ ನಮ್ಮ ಹಬ್ಬ, ನಮ್ಮ ಅಡುಗೆ, ನಮ್ಮ ಲಿಪಿಗಳನ್ನು ವಿವರಿಸಿ ಹೇಳಬೇಕಾಗುತ್ತದೆ. ಕೌದಿಯನ್ನು ವಿವರಿಸಬೇಕಾಗಿಲ್ಲ. ಕಂಡ ತಕ್ಷಣ ಅವರ ಅಜ್ಜಿಯ ನೆನಪನ್ನು ಅವರೇ ಹೇಳತೊಡಗುತ್ತಾರೆ. ಬಂಗಾಳದ ನಕ್ಷಿ ಕಾಂಥಾಕ್ಕೂ ಬಿಹಾರದ ಸುಜನಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು, ಅವು ಪೇಟೆಯಲ್ಲಿ ಮಾನದಿಂದ ನಡೆದಾಡುತ್ತಿವೆ. ಆದರೆ ಪೇಟೆಗೆ ಬರುವ ಕಾಂಥಾ ಬಹುಪಾಲು ಹೊಸ ಬಟ್ಟೆಯ ಮೇಲಿನ ಕಸೂತಿ ಎಂಬುದನ್ನೂ ಹೇಳಬೇಕು. ಹೆಸರು ಉಳಿದು ಹಳತು ಬಿಟ್ಟುಹೋಗಿದೆ.

ಹಳೆಯ ಬಟ್ಟೆಯ ಬಗೆಗಿನ ಗೌರವ ನಮ್ಮ ನಾಡಿನಲ್ಲಿ ಎಷ್ಟು ಹಿಂದಿನದು ಎಂಬುದಕ್ಕೆ ಬೌದ್ಧರ ವಿನಯಪಿಟಕದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಬಿಕ್ಷುಗಳು ಕಸದ ರಾಶಿಯಿಂದ, ಸ್ಮಶಾನದಿಂದ ಆಯ್ದ ಚಿಂದಿಗಳನ್ನು ಹೊಲಿದು ಉಡುತ್ತಿದ್ದರು. ಅದಕ್ಕೆ ಪಾಂಸುಕೂಲ, ಎಂದರೆ ಧೂಳಿನ ರಾಶಿಯ ಬಟ್ಟೆ, ಎಂದು ಹೆಸರು. ಆ ತುಂಡುಗಳನ್ನು ಜೋಡಿಸುವ ಮಾದರಿಗಾಗಿ ಬುದ್ಧ ಆನಂದನಿಗೆ ತೋರಿಸಿದ್ದು ಮಗಧದ ಗದ್ದೆಗಳ ಬದುಗಳನ್ನು. ಇಂದಿಗೂ ಚೀವರದ ಮೇಲೆ ಗದ್ದೆಯ ಆ ಚೌಕಗಳು ಕಾಣುತ್ತವೆ. ಮುಂದೆ ಬುದ್ಧನ ಪರಿನಿರ್ವಾಣದ ತರುವಾಯ ಕೌಶಾಂಬಿಯ ಉದಯನ ರಾಜನ ಅಂತಃಪುರದ ಸ್ತ್ರೀಯರು ಆನಂದನಿಗೆ ಐನೂರು ಮೇಲುವಸ್ತ್ರಗಳನ್ನು ಕೊಟ್ಟರಂತೆ. ಅರಸನಿಗೆ ಸಿಟ್ಟು ಬಂದಿತು: ಸನ್ಯಾಸಿಗೆ ಇಷ್ಟೊಂದು ಬಟ್ಟೆ ಏಕೆ, ಅಂಗಡಿ ಇಡುವನೇ? ಆತ ಹೋಗಿ ಕೇಳಿದ. ಆನಂದನ ಉತ್ತರ ಒಂದು ಲೆಕ್ಕಪತ್ರದಂತಿದೆ. ಚೀವರ ಜೀರ್ಣವಾದವರಿಗೆ ಇವನ್ನು ಹಂಚುತ್ತೇವೆ. ಅವರ ಹಳೆಯ ಚೀವರಗಳು ಮೇಲುಹಾಸುಗಳಾಗುತ್ತವೆ. ಹಳೆಯ ಮೇಲುಹಾಸು ದಿಂಬು ಹಾಸಿಗೆಗಳ ಗವಸು. ಹಳೆಯ ಗವಸು ನೆಲಹಾಸು. ಹಳೆಯ ನೆಲಹಾಸು ಕಾಲೊರೆಸು. ಹಳೆಯ ಕಾಲೊರೆಸು ಧೂಳು ಕೊಡಹುವ ಅರಿವೆ. ಅದೂ ಹರಿದ ಮೇಲೆ ಚೂರು ಮಾಡಿ, ಮಣ್ಣಿನಲ್ಲಿ ನಾದಿ, ನೆಲಕ್ಕೆ ಬಳಿಯುತ್ತೇವೆ. ಅರಸ ಸಂತೋಷಪಟ್ಟು ಇನ್ನೈನೂರು ವಸ್ತ್ರ ಕೊಟ್ಟನೆಂದು ಕಥೆ ಹೇಳುತ್ತದೆ. ನಮ್ಮ ತಾಯಂದಿರ ಮನೆಯಲ್ಲಿ ಧೋತರವು ತೊಟ್ಟಿಲ ಬಟ್ಟೆಯಾಗಿ, ಕೌದಿಯ ಒಳಪದರವಾಗಿ, ಮಸಿಅರಿವೆಯಾಗಿ, ಕಡೆಗೆ ದೀಪದ ಬತ್ತಿಯಾಗಿ ಉರಿದುಹೋಗುತ್ತಿದ್ದುದೂ ಇದೇ ಪರಂಪರೆ. ಅವರು ವಿನಯಪಿಟಕವನ್ನು ಓದಿರಲಿಲ್ಲ.

ಈ ಸರಪಳಿ ತುಂಡಾದುದು ಎಲ್ಲಿ? ಮುಂಬಯಿಯಲ್ಲಿ ಕಾವಸಜಿ ನಾನಾಭಾಯಿ ದಾವರ್ 1854ರಲ್ಲಿ ಹತ್ತಿಯ ಗಿರಣಿಯ ಕಂಪೆನಿಯನ್ನು ಸ್ಥಾಪಿಸಿದಂದಿನಿಂದ ಒಂದೂಕಾಲು ಶತಮಾನ ಈ ದೇಶ ಉಟ್ಟುದು ಬಹುಮಟ್ಟಿಗೆ ಹತ್ತಿಯನ್ನೇ. ಯುದ್ಧಕಾಲದಲ್ಲಿ, 1943ರಲ್ಲಿ, ಬಟ್ಟೆಯ ಮೇಲೆ ನಿಯಂತ್ರಣ ಬಂದಾಗ ಸಾಲಿನಲ್ಲಿ ನಿಂತು ತಂದ ಗಜ ಬಟ್ಟೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಅಂಗಿಯ ಕಾಲರು ಸವೆದರೆ ದರ್ಜಿಯಿಂದ ತಿರುವಿ ಹೊಲಿಸುತ್ತಿದ್ದರು. ಅಣ್ಣನ ಪ್ಯಾಂಟು ತಮ್ಮನ ಚಡ್ಡಿಯಾಗುತ್ತಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರನಡೆದರು; ಅನೇಕರು ಮರಳಿ ಒಳಗೆ ಹೋಗಲೇ ಇಲ್ಲ. 1985ರ ಜವಳಿ ನೀತಿ ಹತ್ತಿಗೂ ಕೃತಕ ನೂಲಿಗೂ ನಡುವಣ ಕಟ್ಟುಪಾಡುಗಳನ್ನು ಸಡಿಲಿಸಿತು. ಪಾಲಿಯೆಸ್ಟರ್ ಅಗ್ಗವಾಯಿತು, ಒಣಗಲು ಸುಲಭವಾಯಿತು, ಇಸ್ತ್ರಿ ಬೇಡವಾಯಿತು. ನಮ್ಮ ಹೆಣ್ಣುಮಕ್ಕಳ ಒಗೆಯುವ ಶ್ರಮ ತಗ್ಗಿತು ಎಂಬುದನ್ನು ಮರೆತು ಅದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಅದು ಕೌದಿಗೆ ಬಾರದು. ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಎಷ್ಟು ಒಗೆದರೂ ಮೆತ್ತಗಾಗುವುದಿಲ್ಲ, ಕಿಡಿ ಬಿದ್ದರೆ ಕರಗಿ ಮೈಗಂಟುತ್ತದೆ. ಸಾಯುವವರೆಗೂ ಹಳತಾಗದ ಬಟ್ಟೆ ಅದು. ಮರದಡಿಯ ಹಿರಿಯಾಕೆಯೂ ನಮ್ಮ ಗಂಟು ಬಿಚ್ಚಿ ನೋಡಿ ಒಂದು ಸೀರೆಯನ್ನು ಹಿಂದಕ್ಕೆ ತಳ್ಳಿದಳು: ‘ಇದು ಬ್ಯಾಡ್ರಿ ಅಕ್ಕಾರ, ಉಸಿರಾಡಂಗಿಲ್ಲ.’

ಅದೇ ಹೊತ್ತಿಗೆ ನಗರದ ನಮ್ಮಂಥವರ ಹಳೆಯ ಬಟ್ಟೆಗೆ ಬೇರೆ ದಾರಿಗಳು ತೆರೆದಿದ್ದವು. ಮಧ್ಯಾಹ್ನದ ಹೊತ್ತಿಗೆ ಸ್ಟೀಲಿನ ಪಾತ್ರೆಗಳ ಬುಟ್ಟಿ ಹೊತ್ತು ಮೆಟ್ಟಿಲೇರಿ ಬರುತ್ತಿದ್ದ ಬೋಹಾರೀಣಳ ಕೂಗನ್ನು ಮುಂಬಯಿ, ಪುಣೆಯ ಹಳಬರು ಮರೆತಿರಲಾರರು. ಜರಿಯಂಚಿನ ಎರಡು ಸೀರೆಗೆ ಒಂದು ಡಬ್ಬಿ, ಇನ್ನೊಂದು ಪ್ಯಾಂಟು ಸೇರಿಸಿದರೆ ಮುಚ್ಚಳವಿರುವ ಡಬ್ಬಿ. ಹೀಗೆ ವಿನಿಮಯವಾದ ಬಟ್ಟೆಗಳು ದೆಹಲಿಯ ರಘುವೀರ ನಗರದಲ್ಲಿ ಬೆಳಕು ಹರಿಯುವ ಮುಂಚೆ ಕೂಡುವ ಸಂತೆಯಂಥ ಕಡೆಗಳಲ್ಲಿ ಕೈ ಬದಲಿಸಿ, ದುರಸ್ತಿಯಾಗಿ, ಬಡವರ ಮೈಗೋ ಕಾರಖಾನೆಯ ಯಂತ್ರ ಒರೆಸುವ ಕೈಗೋ ಹೋಗುತ್ತವೆ. ಪಾಣಿಪತ್ತಿನಲ್ಲಿ ಹೊರದೇಶಗಳ ಚಿಂದಿಯನ್ನೂ ಹರಿದು, ಮತ್ತೆ ನೂಲಾಗಿಸಿ, ಕಂಬಳಿ ನೇಯುತ್ತಾರೆ. ನೆರೆ, ಭೂಕಂಪಗಳಾದಾಗ ಹಂಚುವ ಕಂಬಳಿಗಳಲ್ಲಿ ಅಲ್ಲಿನವೂ ಇರುತ್ತವೆ. ಎಂದರೆ ಬಟ್ಟೆಯ ಮರುಬಳಕೆ ನಿಂತಿಲ್ಲ. ನಿಂತಿರುವುದು ಅದನ್ನು ಮನೆಯಲ್ಲಿ, ಕಣ್ಣೆದುರಿಗೆ, ಯಾರ ಸೀರೆ ಯಾರ ಮೈಮೇಲೆ ಬಂತೆಂಬ ಅರಿವಿನೊಡನೆ ಮಾಡುವುದು. ನಾವೂ ತಪ್ಪಿತಸ್ಥರೇ. ಅವ್ವ ಊರಿನಿಂದ ಹೊತ್ತು ತಂದಿದ್ದ ಕೌದಿಯೊಂದನ್ನು, ಅತಿಥಿಗಳೆದುರು ಹಾಸಲು ಸಂಕೋಚವೆಂದು, ಮನೆ ಬದಲಿಸುವಾಗ ಲಾರಿಯಲ್ಲಿ ಗಾಜಿನ ಬೀರುವಿಗೆ ಒತ್ತು ಕೊಡಲು ಬಳಸಿ, ಸಾಮಾನು ಇಳಿದ ಮೇಲೆ ಲಾರಿಯಲ್ಲೇ ಬಿಟ್ಟೆವು. ಬೀರು ಸುರಕ್ಷಿತವಾಗಿ ತಲುಪಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಕೌದಿಯನ್ನು ಹೊಗಳುವ ಭರದಲ್ಲಿ ಬಡತನವನ್ನು ಹೊಗಳಿಬಿಡುವುದು ಸುಲಭ. ಎರಡೇ ಸೀರೆಯಿದ್ದವಳಿಗೆ ಕೌದಿ ಕಲೆಯಾಗಿರಲಿಲ್ಲ. ಚಳಿಯಿಂದ ಮಕ್ಕಳನ್ನು ಉಳಿಸಿಕೊಳ್ಳುವ ಉಪಾಯವಾಗಿತ್ತು. ಉಟ್ಟುಬಿಟ್ಟ ಬಟ್ಟೆಯನ್ನು ಯಾರು ಯಾರಿಗೆ ಕೊಡಬೇಕು, ಯಾರು ಕೈಯೊಡ್ಡಿ ತೆಗೆದುಕೊಳ್ಳಬೇಕು ಎಂಬುದರಲ್ಲಿ ನಮ್ಮ ಜಾತಿವ್ಯವಸ್ಥೆಯ ಹೀನಾಯವೆಲ್ಲ ಅಡಗಿತ್ತು. ಹೆಣದ ಮೇಲಿನ ಬಟ್ಟೆಯನ್ನು, ಉಚ್ಚಕುಲದವರು ಬಿಸುಟ ಬಟ್ಟೆಯನ್ನು ಮಾತ್ರ ಉಡಬೇಕೆಂದು ಶಾಸ್ತ್ರ ಬರೆದಿಟ್ಟ ದೇಶವಿದು. ಅಂಬೇಡ್ಕರರು ಸದಾ ಅಚ್ಚುಕಟ್ಟಾದ ಸೂಟು ಧರಿಸಿದ್ದರ ಅರ್ಥವನ್ನು ಮರೆತು, ತೇಪೆಯ ಬಟ್ಟೆಯೇ ಸಾತ್ವಿಕವೆಂದು ಬೋಧಿಸುವ ಅಧಿಕಾರ ಯಾರಿಗೂ ಇಲ್ಲ. ನೆರೆ ಬಂದಾಗಲೆಲ್ಲ ನಾವು ಸಂಘದಿಂದ ಕಳಿಸುವ ಹಳೆಬಟ್ಟೆಯ ಮೂಟೆಗಳಲ್ಲಿ ಗುಂಡಿಯಿಲ್ಲದ ಅಂಗಿ, ಜೋಡಿಯಿಲ್ಲದ ಕಾಲುಚೀಲಗಳು ಹೇಗೆ ಸೇರುತ್ತವೆ ಎಂಬುದನ್ನು ಮೂಟೆ ಕಟ್ಟಿದ ನಾವು ಬಲ್ಲೆವು. ಈ ವಿಷಯದಲ್ಲಿ ದೆಹಲಿಯ ಗೂಂಜ್ ಸಂಸ್ಥೆಯ ಮಾದರಿ ವಿಚಾರಾರ್ಹ. 1999ರಲ್ಲಿ ಅಂಶು ಗುಪ್ತ ಆರಂಭಿಸಿದ ಈ ಸಂಸ್ಥೆ ನಗರದ ಹಳೆಯ ಬಟ್ಟೆಯನ್ನು ವಿಂಗಡಿಸಿ, ದುರಸ್ತಿ ಮಾಡಿ, ಹಳ್ಳಿಯವರು ತಮ್ಮ ಊರಿಗಾಗಿ ಮಾಡಿಕೊಂಡ ಬಾವಿ, ರಸ್ತೆ, ಸೇತುವೆಯ ಕೆಲಸಕ್ಕೆ ಪ್ರತಿಫಲವಾಗಿ ಕೊಡುತ್ತದೆ. ಹತ್ತಿಯ ಚೂರುಗಳಿಂದ ಹೆಂಗಸರ ತಿಂಗಳ ಬಟ್ಟೆಯನ್ನು ಹೊಲಿಸುತ್ತದೆ. ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಲ್ಲಿ ಬಟ್ಟೆ ಭಿಕ್ಷೆಯಲ್ಲ, ದುಡಿಮೆಯ ಬೆಲೆ.

ಬೆಲೆಯ ಮಾತಿಗೆ ಬಂದೆವಾದ್ದರಿಂದ ನಮ್ಮ ಸಂಘದೊಳಕ್ಕೆ ಹೋಗೋಣ. ಉಗ್ರಾಣದ ಆ ದಿನದ ಪಟ್ಟಿಯಲ್ಲಿ ಹನ್ನೊಂದು ಶಾಲುಗಳ ಕೆಳಗಿನ ಸಾಲು: ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಎರಡು. ಒಂದು ಕಾಲದಲ್ಲಿ ಮಹಿಳಾ ವಿಭಾಗ ಶನಿವಾರ ಮಧ್ಯಾಹ್ನ ಹೊಲಿಗೆಯ ತರಗತಿ ನಡೆಸುತ್ತಿತ್ತು. ಸದಸ್ಯೆಯರೆಲ್ಲ ನೌಕರಿಗೆ ಹೋಗತೊಡಗಿದ ಮೇಲೆ, ಸಿದ್ಧ ಉಡುಪು ಅಗ್ಗವಾದ ಮೇಲೆ, ತರಗತಿ ತಾನಾಗಿ ನಿಂತಿತು. ಯಂತ್ರೋದ್ಯಮವನ್ನು ಅಷ್ಟು ಕಟುವಾಗಿ ಟೀಕಿಸಿದ ಗಾಂಧೀಜಿ ಕೂಡ 1924ರ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿಯ ಬೇಸರದ ದುಡಿಮೆಯನ್ನು ಕಂಡು ಮರುಗಿದವನೊಬ್ಬನ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರ ನಂಬಿಕೆಯಾಗಿತ್ತು. ಆ ಪ್ರೀತಿಯ ಯಂತ್ರಗಳ ಮೇಲೆ ನಮ್ಮ ಸಂಘ ಹಳೆಯ ಸ್ಮರಣ ಸಂಚಿಕೆಗಳ ಕಟ್ಟುಗಳನ್ನಿಟ್ಟಿದೆ. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ಚೀಲಗಳ ನಿಷೇಧವಾದಾಗ, ಹಳೆಯ ಪ್ಯಾಂಟುಗಳಿಂದ ಕೈಚೀಲ ಹೊಲಿಸಿ ಸದಸ್ಯರಿಗೆ ಕೊಡೋಣವೆಂಬ ಸೂಚನೆ ಬಂದಿತ್ತು. ಪ್ಯಾಂಟಿನ ಒಂದು ಕಾಲು ಎಂದರೆ ಪಕ್ಕದ ಹೊಲಿಗೆಯೇ ಬೇಡದ ಸಿದ್ಧ ಚೀಲ. ತಳ ಮುಚ್ಚಿ ಹಿಡಿಕೆ ಹಚ್ಚಿದರೆ ಮುಗಿಯಿತು. ಸಮಿತಿ ಚರ್ಚಿಸಿ, ಅಷ್ಟೆಲ್ಲ ತಾಪತ್ರಯವೇಕೆಂದು, ಸಂಘದ ಹೆಸರು ಅಚ್ಚು ಮಾಡಿದ ಚೀಲಗಳನ್ನು ಅಂಗಡಿಯಿಂದ ತರಿಸಿತು. ಬಟ್ಟೆಯಂತೆ ಕಾಣುವ ಆ ಚೀಲಗಳೂ ಪಾಲಿಪ್ರೊಪಿಲೀನ್, ಎಂದರೆ ಪ್ಲಾಸ್ಟಿಕ್ಕೇ ಎಂಬುದು ಆಮೇಲೆ ತಿಳಿಯಿತು. ಆ ಸಮಿತಿಯಲ್ಲಿ ಈ ಸಂಪಾದಕರೂ ಇದ್ದರು.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ನಮ್ಮ ಸದಸ್ಯರ ಯಾದಿಯನ್ನು ತೆರೆದು ನೋಡಿರಿ: ಬ್ಯಾಂಕು, ಸೈನ್ಯದ ಕಚೇರಿಗಳು, ಕಾರಖಾನೆ, ಹೋಟೆಲು, ಈಚೆಗೆ ಗಣಕಯಂತ್ರದ ಕಂಪೆನಿಗಳು. ಈ ಊರಿನ ಬಹುಮಹಡಿ ಕಟ್ಟಡಗಳಿಗೆ ಕಬ್ಬಿಣ ಕಟ್ಟಿದ, ಗಾರೆ ಹೊತ್ತ ಕಲಬುರಗಿ, ಯಾದಗಿರಿ, ವಿಜಯಪುರದವರು ಅದರಲ್ಲಿ ಎಷ್ಟು ಮಂದಿ? ಜನಗಣತಿಯಲ್ಲಿ ಹೊರನಾಡ ಕನ್ನಡಿಗರ ಸಂಖ್ಯೆ ದೊಡ್ಡದಾಗಿ ಕಾಣಬೇಕಾದಾಗ ನಮಗೆ ಅವರು ಬೇಕು. ಕನ್ನಡ ಶಾಲೆಗೆ ಮಕ್ಕಳಿಲ್ಲವೆಂದು ಸರಕಾರ ಮುಚ್ಚಲು ಹೊರಟಾಗ ಅವರ ಮಕ್ಕಳನ್ನು ಹುಡುಕಿಕೊಂಡು ಹೋಗುತ್ತೇವೆ. ಊಟದ ಪಂಕ್ತಿಗೆ, ವೇದಿಕೆಗೆ, ಮತಪಟ್ಟಿಗೆ ಕರೆದುದನ್ನು ನಾವು ಕಂಡಿಲ್ಲ. ಅವರಿಗೆ ಸಾಹಿತ್ಯದ ಅಭಿರುಚಿಯಿಲ್ಲ ಎಂದು ಹಿಂದೊಮ್ಮೆ ಸಮಿತಿಯ ಹಿರಿಯರೊಬ್ಬರು ಹೇಳಿದ್ದುಂಟು. ಮರದಡಿಯ ಅತ್ತೆ ಸೊಸೆಯರು ಆ ನಾಲ್ಕು ದಿನ ಹೊಲಿಯುತ್ತ ಹಾಡುತ್ತಿದ್ದುದು ಬೀಸುವ ಪದಗಳನ್ನು. ನಮ್ಮ ಪತ್ರಿಕೆ ಜಾನಪದ ವಿಶೇಷಾಂಕವನ್ನು ಹೊರತಂದಾಗ ಅಂಥ ಪದಗಳಿಗಾಗಿ ಧಾರವಾಡದ ವಿದ್ವಾಂಸರಿಗೆ ಪತ್ರ ಬರೆದಿದ್ದೆವು.

ಆದುದರಿಂದ ಬರುವ ಸರ್ವಸಾಧಾರಣ ಸಭೆಯ ಮುಂದೆ ಈ ಕೆಳಗಿನ ಕೋರಿಕೆಗಳನ್ನು ಇಡುತ್ತಿದ್ದೇವೆ. ಮುಂದಿನ ರಾಜ್ಯೋತ್ಸವದಿಂದ ಶಾಲು, ಪೇಟಗಳ ಬದಲಿಗೆ ಒಂದು ಕೌದಿಯನ್ನು ಹೊದಿಸಿ ಸನ್ಮಾನಿಸುವುದು. ಅದರ ಬಟ್ಟೆ ಸದಸ್ಯರ ಮನೆಗಳಿಂದ ಬರಲಿ: ಹತ್ತಿಯದು, ಒಗೆದದ್ದು, ಒಣಗಿಸಿದ್ದು. ನಾಲ್ಕು ಮನೆಯ ಸೀರೆ ಒಂದು ಕೌದಿಗೆ ಬಿದ್ದರೆ ಯಾರದೆಂದು ಹೇಳಬೇಕಾದ್ದಿಲ್ಲ. ಹೊಲಿಗೆಯ ಮಜೂರಿ ಚೌಕಾಶಿಯಿಂದಲ್ಲ, ರಾಜ್ಯ ಸರಕಾರ ಗೊತ್ತುಪಡಿಸಿರುವ ಕನಿಷ್ಠ ಕೂಲಿಯ ದರದಿಂದ ಆಳುದಿನಗಳನ್ನು ಗುಣಿಸಿ ನಿರ್ಧಾರವಾಗಬೇಕು. ಹಾಗೆ ಮಾಡಿದರೆ ಒಂದು ಕೌದಿ ನಮ್ಮ ಈಗಿನ 1,400ಕ್ಕಿಂತ ಬಹಳ ಹೆಚ್ಚಾಗುತ್ತದೆ ಎಂದು ಖಜಾಂಚಿಯವರು ಆಕ್ಷೇಪಿಸಿಯಾರು. ಆಗುತ್ತದೆ. ಹನ್ನೊಂದು ಮಂದಿಯ ಬದಲು ಮೂವರನ್ನು ಸನ್ಮಾನಿಸೋಣ. ಭಾಷಣಗಳೂ ಅಷ್ಟು ಕಡಿಮೆಯಾಗುತ್ತವೆ, ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಕೌದಿಯ ಮೂಲೆಯಲ್ಲಿ ಹೊಲಿದವರ ಹೆಸರನ್ನು, ಅವರು ಒಪ್ಪಿದರೆ, ಕನ್ನಡದಲ್ಲಿ ಹೊಲಿಸಬೇಕು.

ಸಂಘದ ಸಭಾಗೃಹ ವಾರದ ಐದು ದಿನ ಮಧ್ಯಾಹ್ನ ಖಾಲಿ ಬಿದ್ದಿರುತ್ತದೆ. ಬಾಡಿಗೆಯಿಲ್ಲದೆ ಅದನ್ನು ಹನ್ನೊಂದರಿಂದ ಐದರವರೆಗೆ ಹೊಲ್ಲಿಗೆಯವರಿಗೆ ತೆರೆದಿಡಬೇಕು. ರಸ್ತೆಯ ಧೂಳಿಲ್ಲದ ನೆಲ, ನೀರು, ಶೌಚಾಲಯ ಇಷ್ಟೇ ಅವರು ಕೇಳಿದ್ದು. ಕೇಳಿದ್ದು ಎಂದರೆ, ನಾವು ಕೇಳಿದಾಗ ಹೇಳಿದ್ದು. ಯಂತ್ರಗಳೆರಡನ್ನೂ ದುರಸ್ತಿ ಮಾಡಿಸಿ ಅಲ್ಲೇ ಇಡಬೇಕು. ಕೌದಿಗೆ ಅವು ಬೇಡ. ಚೀಲ, ದಿಂಬಿನ ಗವಸು, ಕೂಸುಗಳ ಅಂಗಿಗಳಿಗೆ ಬರುತ್ತವೆ. ನಮ್ಮ ಮಕ್ಕಳಲ್ಲಿ ಆಸಕ್ತರಿದ್ದರೆ ಕಲಿಯಲಿ. ಗುಂಡಿ ಹಚ್ಚಲು, ಹರಿದುದನ್ನು ಕೂಡಿಸಲು ಗಂಡುಮಕ್ಕಳೂ ಕಲಿಯಲಿ. ಕಲಿಸಿದವರಿಗೆ ಕನ್ನಡ ತರಗತಿಯ ಶಿಕ್ಷಕರಿಗೆ ಕೊಡುವಷ್ಟೇ ಸಂಭಾವನೆ ಸಲ್ಲಬೇಕು. ಇನ್ನು ಬೀರುವಿನಲ್ಲಿರುವ ಹನ್ನೊಂದು ಶಾಲುಗಳನ್ನು ಏನು ಮಾಡುವುದೆಂದು ನಾವು ಯೋಚಿಸಿ ಸೋತೆವು. ಓದುಗರು ಸಲಹೆ ಕಳಿಸಬಹುದು.

ಒಪ್ಪಂದದಂತೆ ಉಳಿದಿದ್ದ 200 ರೂಪಾಯಿಗಳನ್ನು ಕೊಡಲು ನಾವು ಮರದಡಿಗೆ ಮತ್ತೆ ಹೋದೆವು. ಅಂದರೆ, ನಾವು ಇಳಿಸಿದ್ದ 200. ಹಿರಿಯಾಕೆ ತೆಗೆದುಕೊಂಡಳು, ಎಣಿಸಿ ಸೆರಗಿಗೆ ಗಂಟು ಹಾಕಿದಳು, ಏಕೆಂದು ಕೇಳಲಿಲ್ಲ. ಸಂಘದ ವಿಷಯ ಹೇಳಿದಾಗ, ಈಗ ಊರಿಗೆ ಹೊರಟಿದ್ದೇವೆ, ತೊಗರಿ ಬಂದದೆ, ಜಾತ್ರೆಯೂ ಅದೆ, ಎಳ್ಳಮವಾಸೆ ಕಳೆದ ಮೇಲೆ ಬರುತ್ತೇವೆ ಎಂದಳು. ಎಲ್ಲಿಗೆ ಬರಬೇಕೆಂದು ಸೊಸೆ ಕೇಳಿದಳು. ವಿಳಾಸದ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಟ್ಟೆವು. ಅದನ್ನು ಆಕೆ ತನ್ನ ಮಗಳ ಕೈಗೆ ಕೊಟ್ಟಳು. ಮರಾಠಿ ಶಾಲೆಗೆ ಹೋಗುವ ಆ ಹುಡುಗಿ ತಿರುಗಿಸಿ ಮುರುಗಿಸಿ ನೋಡಿ, ‘ಇದು ಓದಾಕ ಬರಂಗಿಲ್ಲ’ ಎಂದು ಮರಳಿಸಿದಳು. ಅದರ ಕೆಳಗೆ ದೇವನಾಗರಿಯಲ್ಲಿ ಮತ್ತೊಮ್ಮೆ ಬರೆದುಕೊಟ್ಟು ಬಂದಿದ್ದೇವೆ. ಸಭೆ ಎಳ್ಳಮಾವಾಸ್ಯೆಗೆ ಮೊದಲೇ ಕೂಡುತ್ತದೆ.